ಮಸ್ಕಿ ಕ್ಯಾಪ್ಟನ್ನನ ದವಡೆ ಹಲ್ಲು

ಎಲ್ಲ ಶುರುವಾದದ್ದು ಒಂದು ಹಿಡಿ ಹುರಿದ ಕಡಲೆಯಿಂದ. ಸಿಂಧನೂರಿನ ಮೈದಾನದಲ್ಲಿ ಟಾಸ್‌ಗೆ ಹೋಗುವ ಮುಂಚೆ ದುರುಗೇಶ ಪ್ಯಾಂಟಿನ ಜೇಬಿನಿಂದ ಕಡಲೆ ತೆಗೆದು ಬಾಯಿಗೆ ಹಾಕಿಕೊಂಡ. ಅದರೊಳಗೆ ಕಡಲೆಯ ವೇಷ ಹಾಕಿಕೊಂಡ ಕಲ್ಲೊಂದಿತ್ತು. ಕಟಕ್ ಎಂದದ್ದು ಪಕ್ಕದಲ್ಲಿ ನಿಂತ ಅಂಪೈರಿಗೂ ಕೇಳಿಸಿತು. ಬಲಗಡೆಯ ಕೆಳ ದವಡೆ ಹಲ್ಲು ಸೀಳಿತು. ಹತ್ತು ನಿಮಿಷದಲ್ಲಿ ಕೆನ್ನೆ ಬಾತು, ಬಾಯಿ ಬಿಡುವುದೇ ಕಷ್ಟವಾಯಿತು.

ದುರುಗೇಶ ಮಸ್ಕಿಯ ಹೈಸ್ಕೂಲಿನಲ್ಲಿ ಗುಮಾಸ್ತ. ವಯಸ್ಸು ಮೂವತ್ತೆಂಟು. ವಾರಕ್ಕೆ ಆರು ದಿನ ಟೀಸಿ, ದಾಖಲಾತಿ, ಬಿಸಿಯೂಟದ ಲೆಕ್ಕ. ಏಳನೆಯ ದಿನ ಮಾತ್ರ ಅವನು ‘ಅಶೋಕ ಇಲೆವೆನ್, ಮಸ್ಕಿ’ ತಂಡದ ಕ್ಯಾಪ್ಟನ್ ಮತ್ತು ವಿಕೆಟ್ ಕೀಪರ್. ಕಳಿಂಗ ಯುದ್ಧ ಗೆದ್ದ ಮೇಲೆ ಅಶೋಕ ಕತ್ತಿ ಕೆಳಗಿಟ್ಟನಂತೆ. ನಮ್ಮ ಅಶೋಕ ಇಲೆವೆನ್ನು ಗೆಲ್ಲುವವರೆಗೂ ಕಾಯುತ್ತಿರಲಿಲ್ಲ, ಟಾಸ್ ಆದ ಕೂಡಲೇ ಇಟ್ಟುಬಿಡುತ್ತಿತ್ತು. ಮೂರು ತಾಲೂಕಿನ ಟೆನಿಸ್ ಬಾಲ್ ಲೀಗಿನಲ್ಲಿ ಒಂಬತ್ತು ತಂಡ, ಪ್ರತಿ ತಂಡಕ್ಕೆ ಎಂಟು ಮ್ಯಾಚು, ಮೊದಲ ನಾಲ್ಕು ತಂಡಕ್ಕೆ ಸೆಮಿಫೈನಲ್. ನಮ್ಮವರು ಮೊದಲ ನಾಲ್ಕು ಮ್ಯಾಚನ್ನೂ ಸೋತು, ಪಟ್ಟಿಯ ತಳದಲ್ಲಿ ಒಲೆಯ ಮುಂದಿನ ಬೆಕ್ಕಿನ ಹಾಗೆ ಹಾಯಾಗಿ ಮಲಗಿದ್ದರು.

ಆದರೆ ಹಲ್ಲು ಸೀಳಿದ ಆ ಐದನೇ ಮ್ಯಾಚು ಗೆದ್ದರು. ಮುಂದಿನ ಭಾನುವಾರ ಆರನೆಯದನ್ನೂ ಗೆದ್ದರು. ಅದರ ಮುಂದಿನ ವಾರ ಏಳನೆಯದು.

ಸ್ವಲ್ಪ ತಲೆ ಓಡಿಸುವವರಿಗೆ ಇದರ ಕಾರಣ ತಿಳಿಯುವುದು ಕಷ್ಟವಿರಲಿಲ್ಲ. ದುರುಗೇಶನಿಗೆ ಸ್ಟಂಪಿನ ಹಿಂದೆ ನಿಂತು ಒಂದೇ ಸಮನೆ ಕೂಗುವ ಚಟ. “ಸ್ಲೋ ಹಾಕಲೇ! ಫಾಸ್ಟ್ ಹಾಕಲೇ! ಕಾಲಿಗೆ ಹಾಕು! ಅಲ್ಲಲ್ಲ, ಹೊರಗ ಹಾಕು!” ಎಂಬ ಅವನ ಅಪ್ಪಣೆಗಳನ್ನೆಲ್ಲ ಪಾಲಿಸಲು ಹೋಗಿ ಬೌಲರುಗಳು ಚೆಂಡನ್ನು ಯಾವ ಕೈಯಿಂದ ಎಸೆಯಬೇಕೆಂಬುದನ್ನೇ ಮರೆಯುತ್ತಿದ್ದರು. ಬಾಯಿ ಬಾತ ದಿನದಿಂದ ಕೂಗು ನಿಂತಿತು, ಹುಡುಗರು ನೆಮ್ಮದಿಯಾಗಿ ಬೌಲ್ ಮಾಡಿದರು. ಆದರೆ ಈ ಕಾರಣ ಮಸ್ಕಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಎಲ್ಲರ ಕಣ್ಣು ಬಿದ್ದದ್ದು ಹಲ್ಲಿನ ಮೇಲೆ.

“ದುರುಗೇಶ, ಆ ಹಲ್ಲಿಗೆ ಯಾರೂ ಕೈ ಹಚ್ಚಂಗಿಲ್ಲ. ಅದು ಈಗ ನಿಂದಲ್ಲ, ಟೀಮಿಂದು” ಎಂದು ತೀರ್ಪು ಕೊಟ್ಟವನು ಹುಸೇನ್‌ಸಾಬ್. ಬಸ್‌ಸ್ಟ್ಯಾಂಡಿನ ಎದುರಿಗೆ ಅವನ ಚಹಾದ ಹೋಟೆಲು. ತಂಡಕ್ಕೆ ಅವನೇ ಮ್ಯಾನೇಜರು. ದಿನಾ ಸಂಜೆ ದುರುಗೇಶನನ್ನು ಹೋಟೆಲಿನ ಬೆಂಚಿನ ಮೇಲೆ ಕೂರಿಸಿ, ಬಾಯಿ ತೆರೆಸಿ, ಮೊಬೈಲಿನ ಟಾರ್ಚು ಹಾಕಿ ಹಲ್ಲು ಜಾಗದಲ್ಲೇ ಇದೆಯೇ ಎಂದು ತಪಾಸಣೆ ಮಾಡುತ್ತಿದ್ದ. ಎದುರು ಮನೆಯ ಪೀರಮ್ಮ ದುರುಗಮ್ಮನ ಗುಡಿಯಿಂದ ದಾರ ತಂದು ಅವನ ಕೊರಳಿಗೆ ಕಟ್ಟಿ, “ಎಪ್ಪಾ, ಕಪ್ ಬರೂತನಾ ನೀ ಹಲ್ಲ ಕೀಳ್ಸಂಗಿಲ್ಲಂತ ತಾಯಿ ಮುಂದ ನಾ ಹರಕಿ ಹೊತ್ತೀನಿ” ಎಂದಳು. ಹಲ್ಲು ಇವನದು, ಹರಕೆ ಅವಳದು. ತಂಡದ ವೇಗದ ಬೌಲರ್ ವಿರೇಶ ಬಾತ ಕೆನ್ನೆಯ ಫೋಟೊ ತೆಗೆದು ದಿನಾ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುತ್ತಿದ್ದ. ಊರಿನ ಹಲ್ಲಿನ ಡಾಕ್ಟರಾದರೂ ಕೈ ಹಿಡಿದಾರು ಎಂದುಕೊಂಡರೆ, ತಂಡಕ್ಕೆ ಟೀಶರ್ಟು ಹೊಲಿಸಿಕೊಟ್ಟವರೇ ಅವರು. “ಫೈನಲ್ ಮುಗೀಲಿ ತಡೀರಿ” ಎಂದು ಗುಳಿಗೆ ಕೊಟ್ಟು ಕಳಿಸಿದರು. ಸಿಂಧನೂರಿಗೆ ಹೋಗೋಣವೆಂದರೆ ಬಸ್ ಹತ್ತುವುದು ಹುಸೇನ್‌ಸಾಬನ ಕಣ್ಣ ಮುಂದೆಯೇ.

ಇಪ್ಪತ್ತೊಂದು ದಿನ ದುರುಗೇಶ ರೊಟ್ಟಿ ಮುಟ್ಟಿರಲಿಲ್ಲ. ಬಿಸಿ ಕುಡಿದರೆ ನೋವು, ತಣ್ಣಗಿನದು ಕುಡಿದರೆ ಪ್ರಾಣವೇ ಹೋಗುವಷ್ಟು ನೋವು. ಈ ಭೂಮಿಯ ಮೇಲೆ ಅವನಿಗೆ ಬೇಕಾಗಿದ್ದದ್ದು ಒಂದೇ, ಆ ಹಲ್ಲು ಬಾಯಿಂದ ಹೊರಗೆ ಹೋಗಬೇಕು. ಅವನ ಕಡೆಗಿದ್ದವಳು ಹೆಂಡತಿ ಸಂಘಮಿತ್ರಾ ಒಬ್ಬಳೇ. ಅವಳು ಪ್ರೈಮರಿ ಶಾಲೆಯ ಟೀಚರು, ಮೂಢನಂಬಿಕೆ ಕಂಡರೆ ಸಿಡಿಯುವವಳು.

ಎಂಟನೇ ಮ್ಯಾಚಿನ ಭಾನುವಾರ ಬೆಳಿಗ್ಗೆ ಅವಳು ಗಂಜಿಯ ಬಟ್ಟಲನ್ನು ಅವನ ಮುಂದೆ ಕುಕ್ಕಿದಳು.

“ರೀ, ಬಾಬಾಸಾಹೇಬ್ರ ಫೋಟೊ ಗ್ವಾಡಿ ಮ್ಯಾಲ ತೂಗು ಹಾಕ್ಕೊಂಡು, ಹಲ್ಲಿನಿಂದ ಮ್ಯಾಚ್ ಗೆಲ್ಲತೈತಿ ಅಂತ ಕುಂತೀರಲ್ಲ, ನಾಚಿಕಿ ಬರಂಗಿಲ್ಲೇನು?”

ದುರುಗೇಶ ಫೋಟೊದ ಕಡೆ ನೋಡಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೂ ಒಳಗೊಳಗೆ ಸ್ವಲ್ಪ ನಂಬಿಕೆಯಿತ್ತು. ಹನ್ನೊಂದು ವರ್ಷದಿಂದ ಆಡುತ್ತಿದ್ದಾನೆ, ಸೆಮಿಫೈನಲ್ಲನ್ನು ಪೆಂಡಾಲಿನ ಹೊರಗೆ ನಿಂತೇ ನೋಡಿದ್ದಾನೆ. ಇವತ್ತು ಲಿಂಗಸುಗೂರು ತಂಡವನ್ನು ಸೋಲಿಸಿದರೆ ನಾಲ್ಕನೇ ಜಾಗ ಸಿಗುತ್ತಿತ್ತು. ಆದರೆ ಹಲ್ಲು ಹಾಗೇ ಬಿಡುವಂತಿರಲಿಲ್ಲ.

“ಹುಸೇನ್‌ಸಾಬ್ರು ಬಿಡಬೇಕಲ್ಲ...” ಎಂದ.

“ಅವರನ್ನ ಯಾಕ ಕೇಳ್ತೀರಿ? ಲಿಂಗಸುಗೂರಿಗೆ ರಾಯಚೂರಿಂದ ಹಲ್ಲಿನ ಡಾಕ್ಟರು ಬರೀ ಐತವಾರ ಬರ್ತಾರ. ನಾಲ್ಕು ಗಂಟಿ ತನಕ ಇರ್ತಾರ. ಮ್ಯಾಚೂ ಅಲ್ಲೇ ಐತಿ, ಎರಡಕ್ಕ ಐತಿ. ಮುಂಚೆ ಹೋಗಿ ತೆಗಿಸ್ಕೋರಿ. ಯಾರಿಗೂ ಹೇಳಬ್ಯಾಡ್ರಿ.”

ಇಷ್ಟು ಸರಳ ಉಪಾಯ ಮೂರು ವಾರ ಯಾಕೆ ಹೊಳೆಯಲಿಲ್ಲವೆಂದು ದುರುಗೇಶನಿಗೆ ಅಳು ಬಂದಿತು. ಕೀಪಿಂಗ್ ಗ್ಲೌಸು ಚೀಲಕ್ಕೆ ಹಾಕಿಕೊಂಡು ಒಂಬತ್ತಕ್ಕೇ ಬಸ್‌ಸ್ಟ್ಯಾಂಡಿಗೆ ಹೊರಟ.

“ಏ ಕ್ಯಾಪ್ಟನ್! ಟೀಮಿನ ಕ್ರೂಸರ್ ಗಾಡಿ ಹನ್ನೆರಡಕ್ಕ ಐತಿ. ಈಗ ಎಲ್ಲಿಗೆ ಸವಾರಿ?” ಹುಸೇನ್‌ಸಾಬ್ ಚಹಾ ಸೋಸುತ್ತಲೇ ಕೂಗಿದ.

“ಪಿಚ್ ನೋಡಾಕ ಸಾಬ್ರ. ಅವರು ನೀರು ಬಿಟ್ಟಾರೋ ಏನೋ, ಮೊದ್ಲ ನೋಡಿದ್ರ ಚಲೋ ಅಲ್ಲೇನು?”

ಹುಸೇನ್‌ಸಾಬ್ ಅವನನ್ನು ಕೆಳಗಿಂದ ಮೇಲಕ್ಕೆ ನೋಡಿದ. “ಬಹುತ್ ಅಚ್ಛಾ. ವಿರೇಶ! ನೀನೂ ಸಂಗಾಟ ಹೋಗು. ಕ್ಯಾಪ್ಟನ್ನಿಗೆ ಒಬ್ಬನ್ನೇ ಕಳಸೂದು ಬರೋಬರ್ ಅಲ್ಲ” ಎಂದ.

ವಿರೇಶ ದಾರಿಯುದ್ದಕ್ಕೂ ಕಿಟಕಿಯ ಕಡೆ ನೋಡಲಿಲ್ಲ, ಕೆನ್ನೆಯ ಕಡೆಯೇ ನೋಡಿದ. ಲಿಂಗಸುಗೂರಿನಲ್ಲಿ ಇಳಿದ ಮೇಲೂ ನೆರಳಿನ ಹಾಗೆ ಹಿಂದೆಯೇ ಬಂದ. ದುರುಗೇಶ ಅವನನ್ನು ಒಂದು ಹೋಟೆಲಿಗೆ ಕರೆದೊಯ್ದು, ಮಂಡಕ್ಕಿ ಒಗ್ಗರಣಿ ಮತ್ತು ಬಿಸಿ ಮಿರ್ಚಿಯ ದೊಡ್ಡ ತಟ್ಟೆ ಎದುರಿಗಿಟ್ಟ. ವಿರೇಶ ಮೊದಲ ಮಿರ್ಚಿ ಮುರಿದದ್ದೇ ತಡ, ಹೊಟ್ಟೆ ಹಿಡಿದುಕೊಂಡು ಎದ್ದ.

“ಹೊಟ್ಟಿ ಯಾಕೋ ಕೆಟ್ಟೈತಲೇ. ಹೋಗಿ ಬರ್ತೀನಿ, ನೀ ತಿನ್ನಾಕತ್ತಿರು.”

“ನಾನೂ ಬರ್ಲೇನಣ್ಣಾ?”

“ಅಲ್ಲಿಗೂ ಬರ್ತೀಯೇನಲೇ!”

ಹೋಟೆಲಿನ ಹಿತ್ತಲಿನಿಂದ ಸಂದಿ, ಸಂದಿಯಿಂದ ದೊಡ್ಡ ರಸ್ತೆ, ರಸ್ತೆ ದಾಟಿ ಮಹಡಿಯ ಮೇಲಿನ ಕ್ಲಿನಿಕ್ಕು. ಕೊರೊನಾ ಕಾಲದ ಹಳೇ ಮಾಸ್ಕು ಹಾಕಿಕೊಂಡು ದುರುಗೇಶ ಒಳಗೆ ಕಾಲಿಟ್ಟ. ಬೆಂಚಿನ ತುಂಬ ಕೆನ್ನೆ ಹಿಡಿದುಕೊಂಡವರೇ. ಕಂಪೌಂಡರನ ಮೇಜಿನ ಹಿಂದಿನ ಗೋಡೆಯ ಮೇಲೆ ಲೀಗಿನ ಪಟ್ಟಿ ಅಂಟಿಸಿತ್ತು, ಗೆದ್ದವರಿಗೆ ಕೆಂಪು ಗೆರೆ ಎಳೆದಿತ್ತು. ಕಂಪೌಂಡರು ಪಕ್ಕದವನಿಗೆ ಹೇಳುತ್ತಿದ್ದ: “ಮಸ್ಕಿ ಕ್ಯಾಪ್ಟನ್ ದುರುಗೇಶ ಅಂತ. ಅವನ ಹಲ್ಲಿನಿಂದ ಮೂರು ಮ್ಯಾಚ್ ಹೊಡದಾರಂತ. ದಿನಾ ನಾ ಅದರ ಸ್ಟೇಟಸ್ ನೋಡ್ತೀನಿ.”

ದುರುಗೇಶ ಮಾಸ್ಕನ್ನು ಇನ್ನಷ್ಟು ಮೇಲೆಳೆದುಕೊಂಡ. ಇಲ್ಲಿ ಹೆಸರು ಹೇಳಿದರೆ ಹಲ್ಲು ಬಾಯಿಂದ ಹೊರಗೆ ಬರುವ ಮುಂಚೆ ಸುದ್ದಿ ಮಸ್ಕಿಗೆ ಮುಟ್ಟುತ್ತದೆ.

“ಹೆಸರೇನ್ರಿ?” ಎಂದ ಕಂಪೌಂಡರು.

ದುರುಗೇಶ ಅತ್ತಿತ್ತ ನೋಡಿದ. ಕಿಟಕಿಯ ಪಕ್ಕ ಅಯ್ಯಪ್ಪಸ್ವಾಮಿಯ ಕ್ಯಾಲೆಂಡರು ಗಾಳಿಗೆ ಹಾರಾಡುತ್ತಿತ್ತು.

“ಅಯ್ಯಪ್ಪ” ಎಂದುಬಿಟ್ಟ.

“ಓ, ನೀವೇನು? ಬರ್ರಿ ಬರ್ರಿ, ಲಗೂನೇ ಬಂದೀರಿ. ಚಲೋ ಆತು” ಎಂದು ಕಂಪೌಂಡರು ಎದ್ದೇ ನಿಂತ. ಬೆಂಚಿನ ಮೇಲಿದ್ದ ಒಂಬತ್ತು ಮಂದಿಯನ್ನು ದಾಟಿಸಿ ಅವನನ್ನು ಸೀದಾ ಒಳಗೆ ನೂಕಿದ. ಹಿಂದಿನಿಂದ ಯಾರೋ ಬೈದರು. ದೇವರ ಹೆಸರಿಗೆ ಇಷ್ಟು ಬೆಲೆಯಿದೆಯೆಂದು ಗೊತ್ತಿದ್ದರೆ ಮಸ್ಕಿಯಲ್ಲೇ ಇಟ್ಟುಕೊಳ್ಳುತ್ತಿದ್ದೆನಲ್ಲ ಎಂದುಕೊಂಡು ದುರುಗೇಶ ಕುರ್ಚಿಯ ಮೇಲೆ ಒರಗಿದ.

ಡಾಕ್ಟರಿಗೆ ಅವಸರವಿತ್ತು. ಫೈಲು ತೆರೆದು, ಒಂದು ಎಕ್ಸ್‌ರೇ ಫೋಟೊ ಎತ್ತಿ ಬೆಳಕಿಗೆ ಹಿಡಿದು ನೋಡಿದರು. “ಬಲಗಡೆ, ಕೆಳಗಿಂದು, ಕೊನೇ ಹಲ್ಲು. ಹೌದಲ್ಲ?”

ಈ ಫೋಟೊ ಯಾವಾಗ ತೆಗೆದರು ಎಂದು ದುರುಗೇಶನಿಗೆ ಒಂದು ಕ್ಷಣ ಸೋಜಿಗವಾಯಿತು. ಈಗಿನ ಕುರ್ಚಿಗಳು ಕೂತ ಕೂಡಲೇ ತೆಗೆಯುತ್ತವೇನೋ. ಬಲಗಡೆ ಹೌದು, ಕೆಳಗೆ ಹೌದು, ಕೊನೆಯದೋ ಅದರ ಪಕ್ಕದ್ದೋ ಓದಿದವರಿಗೆ ಗೊತ್ತು. ತಲೆಯಾಡಿಸಿದ. ಸೂಜಿ ಚುಚ್ಚಿದರು. ಐದು ನಿಮಿಷದಲ್ಲಿ ಅರ್ಧ ಮುಖ ಯಾರದೋ ಆಯಿತು. ಆಮೇಲೆ ಇಕ್ಕಳ ಬಂತು, ಡಾಕ್ಟರ ಮೊಣಕಾಲು ಕುರ್ಚಿಗೆ ಒತ್ತಿತು, ಒಮ್ಮೆ ಕರಕ್ ಎಂದಿತು, ಅಷ್ಟೆ. ಬಾಯಿಗೆ ಹತ್ತಿ ತುರುಕಿ, ಹಲ್ಲನ್ನು ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟರು. ದುರುಗೇಶ ಅದನ್ನು ಬಿಚ್ಚಿಯೂ ನೋಡಲಿಲ್ಲ. ಮೂರು ವಾರದ ಶತ್ರುವಿನ ಮುಖ ನೋಡುವ ಆಸೆ ಅವನಿಗಿರಲಿಲ್ಲ. ಮೆಟ್ಟಿಲಿಳಿಯುವಾಗ ನೋವು ಎಳ್ಳಷ್ಟೂ ಇರಲಿಲ್ಲ, ಸಂತೋಷದಿಂದ ಅವನ ಕಣ್ಣು ತುಂಬಿ ಬಂದವು.

ಹೋಟೆಲಿಗೆ ಮರಳುವಷ್ಟರಲ್ಲಿ ಒಂದು ತಾಸಾಗಿತ್ತು. ವಿರೇಶ ಬಾಗಿಲಲ್ಲೇ ನಿಂತಿದ್ದ.

“ಏನಣ್ಣಾ, ಒಂದು ತಾಸು! ನಾ ಅಂಜಿ ಗ್ರೂಪಿನ್ಯಾಗ ಹಾಕಿಬಿಟ್ಟೀನಿ.”

“ಏನಂಥ?” ಎಂದ ದುರುಗೇಶ. ಸತ್ತ ತುಟಿಯಿಂದ ಮಾತು ಹಾಗೆಯೇ ಬಂತು.

“ಕ್ಯಾಪ್ಟನ್ನಿಗೆ ಜುಲಾಬು ಹತ್ತೈತಿ ಅಂತ.”

ಹನ್ನೆರಡೂವರೆಗೆ ಕ್ರೂಸರು ಬಂದಾಗ ತಂಡದ ಜೊತೆಗೆ ಓಣಿಯ ಅರ್ಧ ಜನ ಅದರೊಳಗಿಂದ ಇಳಿದರು. ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಔಷಧಿ. ಒಬ್ಬರು ಮೆಂತ್ಯ, ಒಬ್ಬರು ದಾಳಿಂಬೆ ಸಿಪ್ಪೆ, ಇನ್ನೊಬ್ಬರು ಮೂರು ಬಣ್ಣದ ಗುಳಿಗೆ. ಪೀರಮ್ಮ ಉಪ್ಪು-ಸಕ್ಕರೆ ನೀರಿನ ತಂಬಿಗೆಯನ್ನೇ ಅವನ ಬಾಯಿಗೆ ಹಿಡಿದಳು. “ಕುಡಿಯಪ್ಪಾ, ಕುಡಿ. ಬಾಳ ಹೋಗ್ಯಾವೇನು?”

ನೀರು ಬಾಯಿಯೊಳಗೆ ಹೋಗುವ ಬದಲು ಸತ್ತ ತುಟಿಯ ಮೂಲೆಯಿಂದ ಟೀಶರ್ಟಿನ ಮೇಲೆ ಇಳಿಯಿತು. “ಅಯ್ಯ ನನ ಶಿವನ, ನುಂಗಾಕೂ ತ್ರಾಣಿಲ್ಲ ಕೂಸಿಗೆ!” ಎಂದು ಪೀರಮ್ಮ ಗೋಳಾಡಿದಳು. ದುರುಗೇಶನಿಗೆ ಇಲ್ಲದ ಜುಲಾಬಿಗೆ ಎರಡು ಗುಳಿಗೆ ನುಂಗಬೇಕಾಯಿತು.

ಅಷ್ಟರಲ್ಲಿ ಹುಸೇನ್‌ಸಾಬ್ ಮೊಬೈಲು ತೆಗೆದ. “ಆ ಅನ್ನು.”

ದುರುಗೇಶ ಒಂದು ಹೆಜ್ಜೆ ಹಿಂದೆ ಸರಿದ. “ಈಗ ಯಾಕ ಸಾಬ್ರ? ಸಂಜಿಕ ನೋಡೀರಂತ...”

“ಆ ಅನ್ನು ಅಂದೆ.”

ದುರುಗೇಶ ಕಣ್ಣು ಮುಚ್ಚಿ ಬಾಯಿ ತೆರೆದ. ಟಾರ್ಚು ಹೊತ್ತಿತು. ಹುಸೇನ್‌ಸಾಬ್ ತುಂಬ ಹೊತ್ತು ಬಗ್ಗಿ ನೋಡಿದ. “ಈ ಅರಳಿ ಯಾಕಿಟ್ಟಿ?” ಎಂದು ಹತ್ತಿಯತ್ತ ಬೆರಳು ತೋರಿಸಿದ.

“ಲವಂಗದ ಎಣ್ಣಿ ಹಾಕಿ ಇಟ್ಟೀನ್ರಿ.”

“ಹಾಂ. ಐತಿ, ಐತಿ. ಕರ್ರಗ ಕುಂತೈತಿ. ಮಾಶಾ ಅಲ್ಲಾ!” ಎಂದು ಬೆನ್ನು ತಟ್ಟಿದ.

ದುರುಗೇಶನಿಗೆ ನಗು ತಡೆಯಲಾಗಲಿಲ್ಲ. ಮುದುಕನ ಕಣ್ಣಿಗೆ ಪೊರೆ ಬಂದಿರಬೇಕು. ಈ ಕಣ್ಣಿನಿಂದ ಮೂರು ವಾರ ತಪಾಸಣೆ ಮಾಡಿಸಿಕೊಂಡೆನಲ್ಲ ಎಂದು ಒಳಗೇ ನಕ್ಕು ಟಾಸ್‌ಗೆ ನಡೆದ.

ಮ್ಯಾಚಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಸ್ಕಿಯಲ್ಲಿ ಯಾರನ್ನು ಕೇಳಿದರೂ ಬಾಲಿಗೆ ಬಾಲು ಹೇಳುತ್ತಾರೆ. ಲಿಂಗಸುಗೂರಿನವರು ಎಂಟು ಓವರಿನಲ್ಲಿ ಎಪ್ಪತ್ತೆರಡು ಹೊಡೆದರು. ದುರುಗೇಶ ಸ್ಟಂಪಿನ ಹಿಂದೆ ಒಂದು ಮಾತೂ ಆಡಲಿಲ್ಲ, ಆಡಿದರೆ ಜೊಲ್ಲು ಸುರಿಯುತ್ತಿತ್ತು. ನಮ್ಮ ಬ್ಯಾಟಿಂಗಿನ ಹೊತ್ತಿಗೆ ಎಲ್ಲರೂ ಹೆದರಿದ್ದದ್ದು ಅವರ ಬುಲೆಟ್ ಎಂಬ ಬೌಲರಿಗೆ. ಬುಲೆಟ್ಟಿನ ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ, ಅವನ ಚೆಂಡು ಕಾಣಿಸುವುದಿಲ್ಲ ಎನ್ನುವುದಷ್ಟೇ ಗೊತ್ತಿತ್ತು. ಆ ದಿನ ಮಾತ್ರ ತಲೆಗೆ, ಗದ್ದಕ್ಕೆ ಸೇರಿಸಿ ಟವೆಲು ಸುತ್ತಿಕೊಂಡು ಬಂದ. ಬಿಸಿಲಿಗಿರಬೇಕು ಎಂದುಕೊಂಡರು. ನಾಲ್ಕೇ ಹೆಜ್ಜೆ ಓಡಿಬಂದು ಚೆಂಡನ್ನು ಪ್ರಸಾದದ ಹಾಗೆ ಮೆಲ್ಲಗೆ ಕೊಡುತ್ತಿದ್ದ. ಅವನ ಎರಡು ಓವರಿನಲ್ಲೇ ನಮ್ಮವರು ಮೂವತ್ತೆಂಟು ಬಾಚಿದರು. ಕೊನೆಯ ಓವರಿನಲ್ಲಿ ದುರುಗೇಶನ ಬ್ಯಾಟಿನ ಅಂಚಿಗೆ ತಾಗಿದ ಚೆಂಡು ಕೀಪರಿನ ತಲೆಯ ಮೇಲಿಂದ ಹಾರಿ ಬೌಂಡರಿಗೆ ಹೋಯಿತು. ಅಶೋಕ ಇಲೆವೆನ್ ಸೆಮಿಫೈನಲ್ ಸೇರಿತು.

ಜನ ಅವನನ್ನು ಹೆಗಲ ಮೇಲೆ ಹೊತ್ತರು. ವಿರೇಶ ಅತ್ತ. ಹುಸೇನ್‌ಸಾಬ್ ಅತ್ತ. ಪೀರಮ್ಮ ಅವನ ಕೆನ್ನೆಯನ್ನು ಮುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. “ನನ ಹಲ್ಲಪ್ಪಾ! ನನ ಬಂಗಾರದ ಹಲ್ಲಪ್ಪಾ!”

ದುರುಗೇಶನಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವಂತಿರಲಿಲ್ಲ. ಕ್ರೂಸರಿನ ಬಾನೆಟ್ಟಿನ ಮೇಲೆ ಹತ್ತಿ ನಿಂತ. ಸಂಘಮಿತ್ರಾ ಈ ಭಾಷಣ ಕೇಳಬೇಕಿತ್ತು ಎನ್ನಿಸಿತು.

“ಎಲ್ಲಾರೂ ಕೇಳ್ರಿ! ನೀವು ಮೂರು ವಾರ ನನ್ನ ಹಲ್ಲಿಗೆ ಪೂಜಿ ಮಾಡಿದ್ರಿ. ಆದ್ರ ಆ ಹಲ್ಲು ಇವತ್ತು ಮ್ಯಾಚಿನ್ಯಾಗ ಇರಲೇ ಇಲ್ಲ! ಮುಂಜಾನೆನ ತೆಗಿಸಿ ಒಗದೀನಿ. ಹಲ್ಲಿಲ್ಲದೆ ಗೆದ್ದೀವಿ, ನಮ್ಮ ಆಟದಿಂದ ಗೆದ್ದೀವಿ! ತೊಗೋರಿ, ನೋಡ್ರಿ!” ಎಂದು ಜೇಬಿನಿಂದ ಕಾಗದ ತೆಗೆದು ಬಿಚ್ಚಿ ಹಿಡಿದ.

ಎಲ್ಲರೂ ಬಗ್ಗಿ ನೋಡಿದರು. ಕಾಗದದಲ್ಲಿ ಇದ್ದದ್ದು ಬೆಳ್ಳಗೆ ಹೊಳೆಯುವ ಹಲ್ಲು. ಎಲ್ಲೂ ಒಂದು ಗೀರಿಲ್ಲ, ಹುಳುಕಿಲ್ಲ, ಮಲ್ಲಿಗೆ ಮೊಗ್ಗಿನಂತಿತ್ತು.

“ಇದು ಯಾರದಲೇ?” ಎಂದ ಹುಸೇನ್‌ಸಾಬ್. ಮತ್ತೆ ಟಾರ್ಚು ಹಾಕಿದ. “ಇಳಿ ಕೆಳಗ. ಆ ಅನ್ನು. ನೋಡ್ರಿ ಎಲ್ಲಾರೂ, ಅಸಲಿ ಮಾಲು ಇಲ್ಲೇ ಐತಿ! ಅದರ ಬಾಜೂಕಿಂದು ಖಾಲಿ ಆಗೈತಿ!”

ಅದೇ ಹೊತ್ತಿಗೆ ಸೂಜಿಯ ಪ್ರಭಾವ ಇಳಿಯತೊಡಗಿ, ಇಪ್ಪತ್ತೊಂದು ದಿನದ ಹಳೆಯ ನೋವು ತನ್ನ ಮನೆಗೆ ಮರಳಿ ಬಂತು. ಬರುವಾಗ ಪಕ್ಕದ ಖಾಲಿ ಜಾಗದ ಹೊಸ ನೋವನ್ನೂ ಕರೆದುಕೊಂಡು ಬಂತು. ಇದು ಹೇಗಾಯಿತೆಂದು ದುರುಗೇಶ ಕೇಳಿಕೊಳ್ಳುವಷ್ಟರಲ್ಲಿ ಟವೆಲು ಸುತ್ತಿದ ಬುಲೆಟ್ ಮೈದಾನದ ಆಚೆ ತುದಿಯಿಂದ ಬಂದು ಕೈ ಚಾಚಿದ.

“ಅಭಿನಂದನ್ರಿ ಕ್ಯಾಪ್ಟನ್. ಹಲ್ಲು ನೋಯೂದು ಏನಂತ ನಿಮಗ ಗೊತ್ತು, ಅದಕ್ಕ ಹೇಳ್ತೀನಿ. ನನಗೂ ಕೊನೀ ಹಲ್ಲು ಒಳಗ ಅಡ್ಡ ಬೆಳದೈತಿ. ಹೋದ ವಾರ ಎಕ್ಸ್‌ರೇ ತೆಗದು, ಇವತ್ತು ಹನ್ನೊಂದಕ್ಕ ಬಾ ಅಂದಿದ್ರು. ಹೋದ್ರ, ಅಯ್ಯಪ್ಪಂದು ಆಗಲೇ ತೆಗದಾಗೇತಿ ಅಂತಾನ ಆ ಕಂಪೌಂಡರ್! ನಾನಽ ಅಯ್ಯಪ್ಪರೀ, ಹಲ್ಲು ಇಲ್ಲೇ ಐತಿ ನೋಡ್ರಿ ಅಂತ ಬಾಯಿ ತಗದು ತೋರಿಸಿದ್ರ, ‘ಫೈಲಿನ್ಯಾಗ ತೆಗೆದಿದೆ ಅಂತ ಡಾಕ್ಟರ ಸಹಿ ಐತಿ, ನಿನ್ನ ಬಾಯಾಗ ಏನೈತಿ ಅಂತ ನಾ ಏನ್ ಮಾಡ್ಲಿ’ ಅಂದ. ಯಾವನೋ ನನ್ನ ಹೆಸರು ಹೇಳಿ ನನ್ನ ಪಾಳಿಗೆ ಕುಂತು ಹೋಗ್ಯಾನ. ಒಂದೊಂದು ಬಾಲ್ ಹಾಕಿದಾಗ್ಲೂ ಜೀವ ಹೋಗಿ ಬಂತ್ರಿ. ಅವನು ಸಿಗಲಿ, ಉಳಿದ ಮೂವತ್ತೊಂದೂ ನಾನೇ ಕೀಳ್ತೀನಿ.”

ದುರುಗೇಶ ಬಾಯಿ ಮುಚ್ಚಿದ. ಅಶೋಕ ಇಲೆವೆನ್ನಿನ ಹನ್ನೊಂದೂ ಮಂದಿ ಬಾಯಿ ಮುಚ್ಚಿದರು. ಹುಸೇನ್‌ಸಾಬ್ ಬೆಳ್ಳನೆಯ ಹಲ್ಲಿದ್ದ ಕಾಗದವನ್ನು ಮೆಲ್ಲಗೆ ಮಡಚಿ ಅಂಗಿಯೊಳಗೆ ಇಳಿಸಿ, “ಛೇ ಛೇ, ಎಂಥಾ ಜನ ಇರ್ತಾರ” ಎಂದ. ಬುಲೆಟ್ ಅತ್ತ ಹೋದ ಕೂಡಲೇ ಇತ್ತ ಮತ್ತೆ ಕುಣಿತ ಶುರುವಾಯಿತು.

“ನಿನ್ನ ಹಲ್ಲು ಬಾಯಾಗಽ ಕುಂತು ನಮ್ಮನ್ನ ಗೆಲ್ಲಿಸಿತಣ್ಣಾ! ಅಷ್ಟಕ್ಕಽ ಬಿಡ್ಲಿಲ್ಲ, ಅವರ ಬೌಲರನ ಹಲ್ಲಿಗೂ ಹೇಳಿ ಕಳಿಸಿತು!” ಎಂದು ವಿರೇಶ ಆಗಲೇ ಸ್ಟೇಟಸ್ಸಿಗೆ ಫೋಟೊ ತೆಗೆಯುತ್ತಿದ್ದ.

ದುರುಗೇಶ ಅವರ ಕೈ ಬಿಡಿಸಿಕೊಂಡು ಕ್ಲಿನಿಕ್ಕಿನ ಕಡೆ ಓಡಿದ. ಮಹಡಿಯ ಬಾಗಿಲಿಗೆ ಬೀಗ ಬಿದ್ದಿತ್ತು. ಡಾಕ್ಟರ ಕಾರು ರಾಯಚೂರಿನ ದಾರಿ ಹಿಡಿದು ಕಾಲು ಗಂಟೆಯಾಗಿತ್ತು. ಮುಂದಿನ ಭಾನುವಾರ ಅವರು ಬರುವ ಹೊತ್ತಿಗೆ ಇವನು ಸಿಂಧನೂರಿನಲ್ಲಿ ಸೆಮಿಫೈನಲ್ ಆಡುತ್ತಿರಬೇಕು. ಮೆಟ್ಟಿಲ ಮೇಲೆ ಕೂತು ಎರಡೂ ಕೈಯಿಂದ ಕೆನ್ನೆ ಹಿಡಿದುಕೊಂಡ. ಫೋನು ಬಂತು. ಸಂಘಮಿತ್ರಾ.

“ಗೆದ್ರಂತಲ್ರಿ! ಓಣಿ ತುಂಬ ಪಟಾಕಿ ಹೊಡ್ಯಾಕತ್ತಾರ! ಹಲ್ಲು ತೆಗಿಸಿದ್ರಿ ಹೌದಲ್ಲೋ?”

ದುರುಗೇಶ ನೋವಿನ ನಡುವೆ ತಡವರಿಸುತ್ತ ಎಲ್ಲವನ್ನೂ ಹೇಳಿದ. ಕೊನೆಗೆ, “ನಾಳೆ ರಜಾ ಹಾಕ್ತೀನಿ. ಸಿಂಧನೂರಿಗೆ ಹೋಗೂಣು. ನೀ ಸಂಗಾಟ ಇದ್ರ ಹುಸೇನ್‌ಸಾಬ್ರು ಏನೂ ಅನ್ನಂಗಿಲ್ಲ. ನನ್ನ ಕಡೆ ಇರಾಕಿ ನೀ ಒಬ್ಬಾಕಿನ ನೋಡು” ಎಂದ.

ಆ ಕಡೆ ಕಿಟಕಿ ಮುಚ್ಚಿದ ಸಪ್ಪಳವಾಗಿ ಪಟಾಕಿಯ ಸದ್ದು ತಗ್ಗಿತು.

“ಅಂದ್ರ ಆ ಹಲ್ಲು ಇನ್ನೂ ಬಾಯಾಗೇ ಐತಿ?” ಎಂದಳು.

“ಐತಿ.”

“ಮ್ಯಾಚೂ ಗೆದ್ದೀರಿ.”

“ಗೆದ್ದೀವಿ.”

ಸಂಘಮಿತ್ರಾ ಗಂಟಲು ಸರಿಮಾಡಿಕೊಂಡಳು. ಆಮೇಲೆ ಯಾರಿಗೂ ಕೇಳಿಸಬಾರದೆಂಬಂತೆ, ಗೋಡೆಯ ಮೇಲಿನ ಫೋಟೊಕ್ಕೂ ಕೇಳಿಸಬಾರದೆಂಬಂತೆ ದನಿ ತಗ್ಗಿಸಿ ಹೇಳಿದಳು:

“ಅಲ್ರೀ... ನಾ ಏನ್ ನಂಬಂಗಿಲ್ಲ ಬಿಡ್ರಿ. ಆದ್ರ ಇನ್ನ ಎರಡೇ ಮ್ಯಾಚ್ ಉಳದಾವಲ್ಲ. ಹದಿನೈದು ದಿನ ತಡಕೋರಿ, ಗಂಜಿಗೆ ಸ್ವಲ್ಪ ತುಪ್ಪ ಹಾಕಿ ಕೊಡ್ತೀನಿ.”